ಗಿರಣಿಯವರ ಬೆಲ್ಟು

ಟೇಲರ್ ಬಾಳೇಶ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನನ್ನ ಕುಪ್ಪಸದ ತೋಳಿನ ಅಳತೆ ತೆಗೆಯುತ್ತಿದ್ದ. ಪಂಚಮಿ ಹತ್ತಿರ ಬಂದಿತ್ತು, ಅಂಗಡಿಯ ತುಂಬ ಹೆಂಗಸರು, ಎಲ್ಲರಿಗೂ ತಮ್ಮದೇ ಮೊದಲು ಆಗಬೇಕು. ಅಷ್ಟರಲ್ಲಿ ಪಿನ್ನುಗಳು ಉದುರಿ ನೆಲಕ್ಕೆ ಬಿದ್ದವು. ಬಾಳೇಶನ ಬಾಯಿ ತಾನಾಗಿ ತೆರೆದುಕೊಂಡಿತು. "ಮೋಟರ್ ತಿರಗ್ತದ, ಬೆಲ್ಟು ಜಾರ್ತದ. ಹಾಸಿಗಿಗೆ ಹೋಗಾಕ ಅಂಜಿಕಿ ಬರ್ತದ. ಆಕಿಗೆ ಏನಂತ ಹೇಳ್ಲಿ?"

ಅಂದು ಮುಗಿದ ಕೂಡಲೇ ಅವನು ಎಲ್ಲರೂ ಮಾಡುವ ಹಾಗೆ ತುಟಿಯ ಮೇಲೆ ಬೆರಳು ಬಡಿದುಕೊಂಡು "ನಂದಲ್ಲ" ಎಂದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗ, ಎದುರಿಗೇ ಬೆಲ್ಟು ಕಟ್ಟಿದ ಹೊಲಿಗೆ ಮಷೀನು. ನಂಬುವವರು ಯಾರು? ಹಿಂದಿನ ಬೆಂಚಿನಿಂದ ಯಾರೋ, "ಹೌದಪಾ, ನಿಂದಲ್ಲ, ಮಷೀನಿಂದು" ಎಂದರು. ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಮಾತ್ರ ನಗಲಿಲ್ಲ. ಆ ಮಾತು ಯಾರದೆಂದು ನನಗೆ ಗೊತ್ತಿತ್ತು. ಅದು ನನ್ನ ಗಂಡನದು.

ನಮ್ಮ ಊರಿನಲ್ಲಿ ನುಂಗಿದ ಮಾತು ಹೊಟ್ಟೆಯಲ್ಲಿ ಕೂರುವುದಿಲ್ಲ. ಇಂದು ನುಂಗಿದ್ದು ನಾಳೆಯೋ, ಹಬ್ಬ ಕಳೆದ ಮೇಲೋ, ಇನ್ನೊಬ್ಬರ ಬಾಯಿಂದ ಹೊರಗೆ ಬರುತ್ತದೆ. ಅತ್ತೆಯ ಮೇಲೆ ಸೊಸೆ ನುಂಗಿದ್ದು ಪೂಜಾರಿಯ ಬಾಯಲ್ಲಿ ಮಂಗಳಾರತಿಯ ನಡುವೆ ಬರುತ್ತದೆ. ಹೆಡ್‌ಮಾಸ್ತರರ ಮೇಲೆ ಮಾಸ್ತರರು ನುಂಗಿದ್ದು ಹೆಡ್‌ಮಾಸ್ತರರ ಬಾಯಲ್ಲೇ, ಅದೂ ಧ್ವಜ ಹಾರಿಸುವಾಗ ಬಂದದ್ದುಂಟು. ನಾವು ಇದಕ್ಕೆ ಹೊಂದಿಕೊಂಡಿದ್ದೇವೆ. "ನಂದಲ್ಲ" ಅಂದವರನ್ನು ಮತ್ತೆ ಕೆದಕಿ ಕೇಳಬಾರದೆಂಬುದು ನಮ್ಮಲ್ಲಿ ಪದ್ಧತಿ. ಹಾಗಾಗಿ ಯಾರೂ ಕೇಳುವುದಿಲ್ಲ, ಬೆನ್ನ ಹಿಂದೆ ಆಡಿಕೊಳ್ಳುತ್ತೇವೆ.

ಹೇಳಲೂ ಆಗದ, ನುಂಗಲೂ ಆಗದ ಮಾತಿಗೆ ಹಿಟ್ಟಿನ ಗಿರಣಿ ಇದೆ. ಗಿರಣಿಯ ಗದ್ದಲದಲ್ಲಿ ನಿಂತು ಗಂಟಲು ಹರಿಯುವಂತೆ ಒದರಿದರೆ ಮಾತು ಆಡಿದಂತೆಯೂ ಆಯಿತು, ಯಾರೂ ಕೇಳಲಿಲ್ಲ ಎಂದೂ ಆಯಿತು. ಒಮ್ಮೆ ಒದರಿದ ಮಾತು ಮತ್ತೆ ಯಾರ ಬಾಯಲ್ಲೂ ಬರುವುದಿಲ್ಲ. ಅದಕ್ಕೇ ಜನ ಚೀಲದ ತಳದಲ್ಲಿ ನಾಲ್ಕು ಹಿಡಿ ಜೋಳ ಹಾಕಿಕೊಂಡು ಬಂದು ಪಾಳಿ ಹಚ್ಚುತ್ತಾರೆ. ಕೆಲವರ ಮನೆಯಲ್ಲಿ ಹಿಟ್ಟಿನ ಡಬ್ಬಿ ತುಂಬಿ ಹುಳ ಹತ್ತಿರುತ್ತದೆ, ಆದರೂ ಗಿರಣಿಗೆ ಬರುವುದು ಬಿಡುವುದಿಲ್ಲ.

ಆ ಗಿರಣಿ ನಮ್ಮದು. ನಡೆಸುವವರು ನನ್ನ ಗಂಡ ಅಡಿವೆಪ್ಪ. ಯಾರು ಎಷ್ಟೇ ಒದರಲಿ, ಇವರು ಮುಖ ತಿರುಗಿಸಿಕೊಂಡು ಕಲ್ಲಿನ ಕಡೆ ನೋಡುತ್ತ ನಿಲ್ಲುತ್ತಾರೆ. ಊರಿಗೆಲ್ಲ ಇರುವ ಈ ಅನುಕೂಲ ಗಿರಣಿಯವರ ಮನೆಗೆ ಮಾತ್ರ ಇಲ್ಲ, ನೋಡಿ. ನಾನು ಹೋಗಿ ಒದರೋಣವೆಂದರೆ ಸ್ವಿಚ್ಚಿನ ಹತ್ತಿರ ಗಂಡನೇ ನಿಂತಿರುತ್ತಾರೆ. ಅವರು ಒದರೋಣವೆಂದರೆ ಸುತ್ತಲೂ ಗಿರಾಕಿಗಳು. ಮೇಲಾಗಿ ಇವರಿಗೆ ಒಂದು ಹಟ, ಬಾಯಿಬಿಟ್ಟು ಅಂದರೆ ಅದು ಖರೆಯಾಗಿಬಿಡುತ್ತದೆ ಎಂದು.

ಬೆಲ್ಟಿನ ಮಾತು ಇವರದೇ ಎಂದು ನಾನು ಹೇಗೆ ಕಂಡುಹಿಡಿದೆ ಎಂದು ಕೇಳುವಂತಿಲ್ಲ. ಮಗಳ ಮೊದಲ ಸಂಬಂಧ ಮುರಿದಾಗ "ಬೆಲ್ಟು ಜಾರ್ತು" ಅಂದವರು, ಇವರ ತಮ್ಮ ಚುನಾವಣೆಯಲ್ಲಿ ಸೋತಾಗಲೂ ಅದನ್ನೇ ಅಂದವರು. ಇಷ್ಟಕ್ಕೂ ಯುಗಾದಿಯಿಂದ ಈಚೆ ನಮ್ಮ ಮನೆಯಲ್ಲಿ ಏನು ನಡೆದಿದೆ, ಏನು ನಡೆದಿಲ್ಲ ಎಂಬುದು ನನಗಲ್ಲದೆ ಇನ್ನಾರಿಗೆ ಗೊತ್ತು? ಮೊದಮೊದಲು ದಣಿವು ಎಂದರು. ಆಮೇಲೆ ಸೆಖೆ ಎಂದು ಹಾಸಿಗೆಯನ್ನು ಪಡಸಾಲೆಗೆ ಎಳೆದುಕೊಂಡು ಹೋದರು. ಮಳೆ ಹಿಡಿದು, ಕಂಬಳಿ ಹೊದೆಯುವಂಥ ಚಳಿ ಬಿದ್ದರೂ ಇವರ ಸೆಖೆ ಮಾತ್ರ ಹೋಗಲಿಲ್ಲ.

ನನಗೆ ತಿಳಿದದ್ದು ಒಂದೇ, ನಾನು ಬೇಡವಾಗಿದ್ದೇನೆ ಎಂದು. ನಲವತ್ತೈದು ದಾಟಿದೆ, ಸೊಂಟ ಎಲ್ಲಿದೆ ಎಂದು ಬಾಳೇಶ ಟೇಪು ಹಿಡಿದು ಹುಡುಕಬೇಕು. ಕನ್ನಡಿಯ ಮುಂದೆ ನಿಂತು ಒಬ್ಬಳೇ ಅತ್ತದ್ದೂ ಇದೆ. ಕೇಳಿಬಿಡೋಣ ಎಂದುಕೊಂಡು ಎಷ್ಟೋ ಸಲ ಹೋಗಿ, ಹಾಲು ಬೇಕೇ, ಚಾದರ ಬೇಕೇ ಎಂದು ಕೇಳಿ ವಾಪಸು ಬಂದೆ. ಉಳಿದದ್ದನ್ನು ನುಂಗಿದೆ. ಅದಕ್ಕೇ ಬಾಳೇಶನ ಅಂಗಡಿಯಲ್ಲಿ ಆ ಮಾತು ಕೇಳಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ನನಗೆ ಸಂತೋಷವಾಯಿತು. ಮೋಟರ್ ತಿರುಗುತ್ತದಂತೆ! ಮನೆ ಮುಟ್ಟುವಷ್ಟರಲ್ಲಿ ಆ ಸಂತೋಷವೂ ಇಳಿಯಿತು. ಯಾರ ಸಲುವಾಗಿ ತಿರುಗುತ್ತದೆ ಎಂದು ಬಾಳೇಶನ ಬಾಯಿ ಹೇಳಿರಲಿಲ್ಲ.

ಅತ್ತ ಬಾಳೇಶನ ಪಾಡು ಬೇಡ. ಅವನ ತಾಯಿ ಬದಾಮಿ ಅರೆದು ಹಾಲು ಕುಡಿಸಿದಳು, ಅತ್ತೆ ದಿನಾ ನುಗ್ಗೆಕಾಯಿ ಸಾರು ಕಳಿಸಿದಳು, ಸಂತೆಯಲ್ಲಿ ನುಗ್ಗೆಕಾಯಿ ಸಿಗದಂತಾಯಿತು. ಬಸ್‌ಸ್ಟ್ಯಾಂಡಿನ ಪಕ್ಕ ಪೈಲ್ವಾನರ ಫೋಟೊ ತೂಗುಹಾಕಿಕೊಂಡು ಬೇರು ಮಾರುವ ಗುಡಾರದವನ ಹತ್ತಿರ ಅವನನ್ನು ಎಳೆದುಕೊಂಡು ಹೋದವನು ಅವನ ಮಾವ ಸಂಗನಬಸಪ್ಪ. ಬೇರಿನ ಕಷಾಯ ಕುಡಿದು ಹುಡುಗನ ಹೊಟ್ಟೆ ಕೆಟ್ಟಿತು. ಚೊಂಬು ಹಿಡಿದು ಓಡುವುದರಲ್ಲೇ ಅರ್ಧ ದಿನ ಹೋಗಿ, ಉಳಿದರ್ಧ ದಿನ ಮುಂದೆ ಹಚ್ಚಬೇಕಾದ ಹುಕ್ಕು ಹಿಂದೆ ಹಚ್ಚುತ್ತಿದ್ದ. ಇಷ್ಟಾದರೂ ಮಾತು ನಿಲ್ಲಲಿಲ್ಲ. ಹಾಲಿನವಳ ಬಾಯಲ್ಲಿ ಒಮ್ಮೆ, ಬಸ್ಸಿನ ಕಂಡಕ್ಟರನ ಬಾಯಲ್ಲಿ ಟಿಕೀಟು ಹರಿಯುವಾಗ ಒಮ್ಮೆ, ಅದೇ ಬೆಲ್ಟು ಜಾರಿತು. ಬಾಳೇಶನ ಸಂಕಟ ಊರೆಲ್ಲ ಸೋರುತ್ತಿದೆ ಎಂದು ಜನ ಮರುಗಿದರು.

ಅವನ ಹೆಂಡತಿ ಕಸ್ತೂರಿ ಪಾಪದ ಹುಡುಗಿ. ಎಷ್ಟು ಹೇಳಿದರೂ ಯಾರೂ ನಂಬದೆ ಇದ್ದಾಗ ಗಿರಣಿಗೆ ಬಂದು ಕಣ್ಣು ಮುಚ್ಚಿ ಒದರತೊಡಗಿದಳು. ಆಗಲೇ ಕರೆಂಟು ಹೋಗಬೇಕೇ? ಕಲ್ಲು ನಿಂತಿತು, ಕಸ್ತೂರಿ ನಿಲ್ಲಲಿಲ್ಲ. "ನನ್ನ ಗಂಡಗ ಏನೂ ಆಗಿಲ್ಲ, ಬೇಕಾದ್ರ ಆಣಿ ಮಾಡ್ತೀನಿ" ಎಂದದ್ದು ಬೀದಿಯ ತುದಿಗೂ ಕೇಳಿತು. ಗಂಡನ ಮಾನ ಕಾಯುವ ಗರತಿ ಎಂದು ಮುದುಕಿಯರು ಹೊಗಳಿದರೇ ಹೊರತು ನಂಬಲಿಲ್ಲ. ಸಂಗನಬಸಪ್ಪ ಅಲ್ಲೇ ನಿಂತು, ಪಂಚಮಿಗೆ ಮಗಳು ತವರಿಗೆ ಬಂದರೆ ಮತ್ತೆ ಕಳಿಸುವುದಿಲ್ಲ ಎಂದು ಹೇಳಿಹೋದ. ನಾನು ನನ್ನ ಗಂಡನ ಮುಖ ನೋಡಿದೆ. ಅವರು ನಿಂತ ಕಲ್ಲನ್ನು ನೋಡುತ್ತಿದ್ದರು.

ಆವತ್ತು ಮಧ್ಯಾಹ್ನ ರೊಟ್ಟಿ ಬಡಿಸಿ ಎದುರಿಗೆ ಕೂತೆ. ನನ್ನ ಪ್ರಶ್ನೆ ಕೇಳುವ ಧೈರ್ಯ ನನಗೂ ಇರಲಿಲ್ಲ. ಬಾಳೇಶನ ಹೆಸರಿನಲ್ಲಿ ಅಷ್ಟು ಮಾತ್ರ ಕೇಳಿದೆ.

"ಆ ಹುಡುಗನ ಬಾಯಾಗ ಬಂದ ಬೆಲ್ಟು ನಿಮ್ದ ಅಲ್ಲೇನ್ರಿ?"

ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಯಿತು. ಒಂದು ತಂಬಿಗೆ ನೀರನ್ನು ಒಂದೇ ಉಸಿರಿಗೆ ಕುಡಿದರು. ಈಚೆಗೆ ಇವರಿಗೆ ಎಷ್ಟು ನೀರು ಕುಡಿದರೂ ಸಾಲದು. ಎದ್ದು ಗಿರಣಿಗೆ ಹೋದರು, ಒಳಗಿನಿಂದ ಚಿಲಕ ಹಾಕಿಕೊಂಡರು. ಕಾಳಿಲ್ಲದೆ ಕಲ್ಲು ತಿರುಗುವ ಸದ್ದು ಕೇಳಿತು. ಬರಿಗಲ್ಲು ತಿರುಗಿಸಿದರೆ ಸವೆಯುತ್ತದೆ ಎಂದು ಊರಿಗೆಲ್ಲ ಬೈಯುವವರು ಬಹಳ ಹೊತ್ತು ತಿರುಗಿಸಿದರು. ಹೊರಗೆ ಬಂದಾಗ ಹುಬ್ಬಿನ ಮೇಲೆಲ್ಲ ಹಿಟ್ಟು, ಮುಖ ಮಾತ್ರ ಹಗುರ. "ಆತು" ಎಂದರು. ಸಂಜೆ ಹಾಸಿಗೆ ತಾನಾಗಿ ಒಳಗೆ ಬಂತು.

ಮರುದಿನದಿಂದ ಬೆಲ್ಟಿನ ಮಾತು ಊರಿನಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನುಗ್ಗೆಕಾಯಿ ಕೆಲಸ ಮಾಡಿತು ಎಂದು ಬಾಳೇಶನ ಅತ್ತೆ, ಬೇರು ಕೆಲಸ ಮಾಡಿತು ಎಂದು ಮಾವ, ಇಬ್ಬರೂ ಜಗಳಾಡಿಕೊಂಡೇ ಪೇಢೆ ಹಂಚಿದರು. ಕಸ್ತೂರಿ ಗಂಡನ ಮನೆಯಲ್ಲೇ ಉಳಿದಳು. ಬಾಳೇಶನಿಗೆ ಇಲ್ಲದ ರೋಗ ವಾಸಿಯಾಯಿತು. ನಮ್ಮ ಮನೆಯಲ್ಲಿ ಇದ್ದ ರೋಗ ಇದ್ದಲ್ಲೇ ಇತ್ತು.

ಅದೇ ನಮ್ಮ ಊರಿನವರ ದೊಡ್ಡ ತಪ್ಪು. ಮಾತು ಹೋದರೆ ಸಂಕಟವೂ ಹೋಯಿತು ಎಂದುಕೊಳ್ಳುತ್ತೇವೆ. ಒದರಿ ಬಂದ ಆ ರಾತ್ರಿಯೇ ಇವರು ಹಾಸಿಗೆಯಲ್ಲಿ ಎದ್ದು ಕೂತು, ನಾನೇ ತೂಕದಲ್ಲಿ ಮೋಸ ಮಾಡಿದ ಹಾಗೆ, "ಒದರಿ ಬಂದೀನಲ್ಲ?" ಎಂದು ನನ್ನನ್ನೇ ಕೇಳಿದರು. ಮರುದಿನ ಮತ್ತೆ ಚಿಲಕ ಹಾಕಿಕೊಂಡು ಒದರಿದರು, ಅದರ ಮರುದಿನವೂ. ಗಂಟಲು ಕಟ್ಟಿಕೊಂಡಿತು, ಜೀರಿಗೆ ಕಷಾಯ ಮಾಡಿಕೊಟ್ಟೆ. ಹಾಸಿಗೆ ಮತ್ತೆ ಪಡಸಾಲೆಗೆ ಹೋಯಿತು. ಈ ಸಲ ಸೆಖೆ ಎನ್ನುವ ನೆಪವನ್ನೂ ಹೇಳಲಿಲ್ಲ.

ಆಮೇಲೆ ಇವರು ಯಾರಿಗೂ ಕಾಣದಂತೆ ಗುಡಾರದವನ ಹತ್ತಿರ ಹೋಗಿ ಒಂದು ಪುಡಿಯ ಪೊಟ್ಟಣ ತಂದಿದ್ದಾರೆ. ತಂದು ಪಾನಾ, ಸ್ಕ್ರೂಡ್ರೈವರ್ ಇಡುವ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಾರೆ. ನನಗೆ ಗೊತ್ತಾದದ್ದು, ಇವರು ಅದನ್ನು ತಿಂದು, ಗಿರಣಿಯಲ್ಲಿ ಇದ್ದಕ್ಕಿದ್ದಂತೆ ಎದೆ ದಬದಬ ಹೊಡೆದುಕೊಂಡು, ಕಣ್ಣು ಕತ್ತಲೆ ಬಂದು, ಗೋಧಿ ಚೀಲದ ಮೇಲೆ ಕುಸಿದು ಕೂತಾಗ. ಮೈ ತಣ್ಣಗೆ ಬೆವೆತಿತ್ತು. ನೀರು ಕುಡಿಸಿ ಗಾಳಿ ಹಾಕುವಷ್ಟರಲ್ಲಿ ಸುಧಾರಿಸಿಕೊಂಡರು, ಆದರೆ ಅಷ್ಟು ಹೊತ್ತು ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ಇವರಿಲ್ಲದ ಮನೆ ಒಂದು ಗಳಿಗೆ ಕಣ್ಣ ಮುಂದೆ ಬಂದು ಹೋಯಿತು. ಹಾಸಿಗೆ ಎಲ್ಲಿದ್ದರೇನು, ಮನುಷ್ಯ ಇರಲಿ ಎನ್ನಿಸಿತು. ಪೊಟ್ಟಣ ಗಟಾರಕ್ಕೆ ಎಸೆದೆ, ಧ್ವನಿ ತಗ್ಗಿಸಿಯೇ ಬೈದೆ.

"ಒದರಿದ್ರ ಮಾತು ಹೋಗ್ತದ್ರಿ, ಜಡ್ಡು ಹೋಗೂದಿಲ್ಲ. ಕಲ್ಲಿಗೆ ಹೇಳಿದ್ದು ಸಾಕು, ನಡೀರಿ ದವಾಖಾನಿಗೆ."

ದವಾಖಾನೆಯಲ್ಲಿ ಈಗ ಇರುವುದು ಲೇಡಿ ಡಾಕ್ಟರು ಎಂದರು. ಹೆಂಗಸಿನ ಮುಂದೆ ಈ ಮಾತು ಹೇಗೆ ಆಡಲಿ ಎಂದರು. ಇಷ್ಟು ದಿನ ಹಾಲಿನವಳ ಬಾಯಲ್ಲಿ ಆಡಿಸಿದ್ದೀರಲ್ಲ, ಆಗ ನಾಚಿಕೆ ಎಲ್ಲಿ ಹೋಗಿತ್ತು ಎಂದು ಕೇಳಿದೆ. ಅಂಗಿ ಬದಲಿಸಿದರು.

ಡಾಕ್ಟರು ನಂದಿತಾ ಎಂದು. ಮೈಸೂರು ಸೀಮೆಯವರು, ನಮ್ಮ ಊರಿಗೆ ಹೊಸಬರು, ಮಗಳ ವಯಸ್ಸು. ನಮ್ಮ ಊರಿನ ಬಾಯಿಗಳ ಬಗ್ಗೆ ಕೇಳಿದ್ದರಂತೆ, ಇಡೀ ಊರೇ ಸೇರಿ ಆಡುವ ನಾಟಕ ಎಂದು ಭಾವಿಸಿದ್ದರಂತೆ. ಏನು ತೊಂದರೆ ಹೇಳಿ ಎಂದರು. ನನ್ನ ಗಂಡ ಮೊಣಕಾಲು ನೋವು ಎಂದರು. ಬೇರೇನಾದರೂ ಇದೆಯಾ ಎಂದದ್ದಕ್ಕೆ ಹಿಟ್ಟಿನ ಧೂಳಿಗೆ ಕೆಮ್ಮು ಎಂದರು. ನಾನು ಮೇಜಿನ ಕೆಳಗೆ ಕಾಲು ತುಳಿದೆ. ಕಿವಿಯಲ್ಲೂ ಸ್ವಲ್ಪ ಗುಂಯ್ ಅನ್ನುತ್ತದೆ ಎಂದರು. ಇನ್ನು ಸ್ವಲ್ಪ ಬಿಟ್ಟಿದ್ದರೆ ಹಲ್ಲು, ಉಗುರು ಎಲ್ಲ ಮುಗಿಸಿ ಎದ್ದು ಬರುತ್ತಿದ್ದರು.

ಕೆಮ್ಮು ಎಂದದ್ದಕ್ಕೆ ಡಾಕ್ಟರು ಸ್ಟೆತಸ್ಕೋಪನ್ನು ಇವರ ಎದೆಗಿಟ್ಟು ಉಸಿರೆಳೆಯಲು ಹೇಳಿದರು. ಇವರು ಎಳೆದರು. ಅಷ್ಟರಲ್ಲಿ ಡಾಕ್ಟರ ಬಾಯಿ ತೆರೆದುಕೊಂಡಿತು, ಅವರ ಮೈಸೂರು ಕಡೆಯ ಮಾತಿನಲ್ಲಲ್ಲ, ಶುದ್ಧ ನಮ್ಮ ಊರಿನ ಮಾತಿನಲ್ಲಿ.

"ನಾ ನಿಮಗ ಸಾಕಾಗೇನೇನ್ರಿ? ಸಾಕಾಗಿದ್ರ ಹಂಗಂತ ಹೇಳ್ರಿ. ನಾ ಏನೂ ಅನ್ನೂದಿಲ್ಲ."

ಡಾಕ್ಟರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಬಾಗಿಲಲ್ಲಿದ್ದ ನರ್ಸಮ್ಮ ನಮ್ಮ ಊರಿನವಳು, ಪದ್ಧತಿಯಂತೆ ಸೂರು ನೋಡುತ್ತ ನಿಂತಳು. ನಾನು ಭೂಮಿ ಬಾಯಿಬಿಟ್ಟರೆ ಒಳಗೆ ಹೋಗುವಂತೆ ಕೂತಿದ್ದೆ. ಡಾಕ್ಟರು, "ಸಾರಿ, ಸರ್, ಅದು ನಾನು ಹೇಳಿದ್ದಲ್ಲ, ಹೇಗೆ ಬಂತೋ ಗೊತ್ತಿಲ್ಲ" ಎಂದು ತೊದಲಿದರು. ನನ್ನ ಗಂಡ ಅವರ ಕಡೆ ನೋಡಲೇ ಇಲ್ಲ. ಎದೆಯ ಮೇಲೆ ಆ ತಣ್ಣನೆಯ ಬಿಲ್ಲೆ ಇದ್ದಂತೆಯೇ ನನ್ನ ಕಡೆ ತಿರುಗಿದರು. ಮದುವೆಯಾದ ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ನೆನಪಿಲ್ಲ.

"ನೀ ಸಾಕಾಗಿದ್ರ ನಾ ಯಾಕ ಅಂಜತಿದ್ದೆ, ದಾಕ್ಷಾಯಣಿ?" ಎಂದರು. "ಬ್ಯಾಡಾದವರ ಮುಂದ ಯಾರಿಗರ ನಾಚಿಕಿ ಆಗ್ತದೇನು?"

ನಾನು ಅತ್ತುಬಿಟ್ಟೆ. ಡಾಕ್ಟರು ಗಾಬರಿಯಲ್ಲಿ ಗಾಯಕ್ಕೆ ಕಟ್ಟುವ ಬಟ್ಟೆ ತೆಗೆದು ಕೊಟ್ಟರು, ಅದರಲ್ಲೇ ಕಣ್ಣು ಒರೆಸಿಕೊಂಡೆ. ಆಮೇಲೆ ನನ್ನ ಗಂಡ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಗಿರಣಿಯಿಲ್ಲದೆ, ಕರೆಂಟಿಲ್ಲದೆ, ಯುಗಾದಿಯಿಂದ ಆದದ್ದನ್ನೆಲ್ಲ ಹೇಳಿದರು. ಮೋಟರ್ ಯಾವುದು, ಬೆಲ್ಟು ಯಾವುದು ಎಂದು ಡಾಕ್ಟರಿಗೆ ತಿಳಿಯದೆ ಇದ್ದಾಗ ಅದನ್ನೂ ಬಿಡಿಸಿ ಹೇಳಿದರು. ಆ ಹುಡುಗಿ ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಕೆಮ್ಮಿನ ಬಗ್ಗೆ ಕೇಳಿದ ಧಾಟಿಯಲ್ಲೇ ಎಲ್ಲವನ್ನೂ ಕೇಳಿದರು. ಒಮ್ಮೆಗೇ ಆದದ್ದೋ, ನಿಧಾನವಾಗಿಯೋ? ಬೆಳಗಿನ ಜಾವ ಏಳುವಾಗ ಹೇಗಿರುತ್ತದೆ? ತಂಬಾಕು ಎಷ್ಟು? ಬಾಯಾರಿಕೆ, ಪದೇಪದೇ ಏಳುವುದು, ನಡೆದರೆ ಎದೆ ಹಿಡಿಯುವುದು ಏನಾದರೂ ಇದೆಯಾ? ಗುಡಾರದ ಪುಡಿ ಎಂದ ಕೂಡಲೇ ಮಾತ್ರ ಪೆನ್ನು ಕೆಳಗಿಟ್ಟು ಬೈದರು. ಅದರಲ್ಲಿ ಏನು ಬೆರೆಸಿರುತ್ತಾರೋ ಯಾರಿಗೂ ಗೊತ್ತಿಲ್ಲ, ಎದೆ ದಬದಬ ಎಂದ ದಿನವೇ ಓಡಿ ಬರಬೇಕಿತ್ತು ಎಂದರು.

ಬಿಪಿ ನೋಡಿದರು, ಬೆರಳು ಚುಚ್ಚಿ ರಕ್ತ ನೋಡಿದರು, ಎದೆಗೆ ವಯರು ಹಚ್ಚಿ ಇಸಿಜಿ ತೆಗೆದರು. ಇಸಿಜಿಯಲ್ಲಿ ಸದ್ಯಕ್ಕೆ ತೊಂದರೆ ಕಾಣುತ್ತಿಲ್ಲ, ಬಿಪಿ ಏರಿದೆ, ಸಕ್ಕರೆಯಂತೂ ಬಹಳ ದಿನದಿಂದ ಏರಿ ಕೂತಿದೆ ಎಂದರು. ನೀವು ಹಿಟ್ಟಿನ ಗಿರಣಿ ಎಂದಿರಿ, ಒಳಗೆ ಸಕ್ಕರೆ ಕಾರ್ಖಾನೆ ನಡೆಸುತ್ತಿದ್ದೀರಿ ಎಂದು ನಕ್ಕರು. ಇವರೂ ನಕ್ಕರು. ದಣಿವಿಗೋ ಚಿಂತೆಗೋ ಯಾವಾಗಲೋ ಒಮ್ಮೆ ಹೀಗಾಗುವುದು ಯಾವ ಗಂಡಸಿಗೂ ಇದ್ದದ್ದೇ, ಅದಕ್ಕೆ ಹೆದರಬೇಕಾಗಿಲ್ಲ, ವಾರಗಟ್ಟಲೆ ಬಿಡದೆ ನಡೆದರೆ ತೋರಿಸಬೇಕು ಎಂದು ಹೇಳಿದರು. ಆಮೇಲೆ ಅವರು ಹೇಳಿದ್ದು ನನ್ನ ಎದೆಗೆ ನಾಟಿತು. ಅಲ್ಲಿಯ ರಕ್ತನಾಳ ಸಣ್ಣವು, ಕಟ್ಟಿಕೊಳ್ಳುವುದಾದರೆ ಮೊದಲು ಅಲ್ಲೇ, ಕೆಲವು ವರ್ಷ ಬಿಟ್ಟು ಹೃದಯದಲ್ಲಿ. "ಮುಂಚಿತವಾಗಿ ಬಂದ ಸೂಚನೆ ಇದು, ಸರ್. ತುಂಬ ಜನ ಇದನ್ನ ಮುಚ್ಚಿಟ್ಕೊಂಡು, ನಮ್ಮ ಹತ್ರ ಬರೋದು ಹಾರ್ಟ್ ಅಟ್ಯಾಕ್ ಆದ್ಮೇಲೆ" ಎಂದರು.

ಹಾಗಾದರೆ ದೋಷ ಬೆಲ್ಟಿನದ್ದಲ್ಲ, ಕರೆಂಟು ಬರುವ ಲೈನಿನದ್ದು ಎಂದು ನನ್ನ ಗಂಡ ತೀರ್ಮಾನ ಕೊಟ್ಟರು. ಬಹುಪಾಲು ಲೈನಿನದ್ದು, ಉಳಿದದ್ದು ಅಂಜಿಕೆಯದು ಎಂದರು ಡಾಕ್ಟರು. ತಂಬಾಕು ಬಂದ್, ದಿನಾ ನಡಿಗೆ, ಸಕ್ಕರೆಗೂ ಬಿಪಿಗೂ ಮಾತ್ರೆ. ಅದಕ್ಕೆಂದೇ ಇರುವ ಗುಳಿಗೆಯೂ ಉಂಟು, ಆದರೆ ಎದೆಯ ಪರೀಕ್ಷೆ ಪೂರ್ತಿ ಆದ ಮೇಲೆ, ಅವರೇ ಬರೆದುಕೊಟ್ಟರೆ ಮಾತ್ರ. ಎದೆನೋವಿಗೆ ಕೊಡುವ ಕೆಲವು ಮಾತ್ರೆಗಳ ಜೊತೆ ಅದನ್ನು ನುಂಗಿದರೆ ಜೀವಕ್ಕೇ ಅಪಾಯ ಎಂದು ಎರಡೆರಡು ಸಲ ಹೇಳಿದರು.

ಹೊರಗೆ ಬಂದು ಮನೆಯ ದಾರಿ ಹಿಡಿಯುತ್ತಾರೆ ಎಂದುಕೊಂಡರೆ ನನ್ನ ಗಂಡ ಸೀದಾ ಬಾಳೇಶನ ಅಂಗಡಿಗೆ ನಡೆದರು. ಮಾವ ಸಂಗನಬಸಪ್ಪ ಅಲ್ಲೇ ಕೂತು, ಬೇರಿನ ಮಹಿಮೆ ಹೇಳುತ್ತಿದ್ದ. ಬೆಲ್ಟಿನ ಮಾತು ಈ ಹುಡುಗನದಲ್ಲ, ಅದು ತಮ್ಮದು, ತಮಗೆ ಸಕ್ಕರೆ ರೋಗ, ಈಗ ಡಾಕ್ಟರಿಗೆ ತೋರಿಸಿಕೊಂಡೇ ಬಂದದ್ದು ಎಂದು ಇವರು ಎಲ್ಲರ ಮುಂದೆ ಹೇಳಿದರು. ಬಾಳೇಶ ಕಣ್ಣಲ್ಲಿ ನೀರು ತುಂಬಿಕೊಂಡು ಇವರ ಕೈ ಹಿಡಿದ. ನಾವು ಮೆಟ್ಟಿಲಿಳಿಯುವಾಗ ಸಂಗನಬಸಪ್ಪ ಹಿಂದೆಯೇ ಬಂದು, ಆ ಡಾಕ್ಟರು ಎಷ್ಟು ಹೊತ್ತಿನ ತನಕ ಕೂರುತ್ತಾರೆ ಎಂದು ಮೆತ್ತಗೆ ಕೇಳಿದ.

ಪಂಚಮಿ ಹೋಗಿ ದೀಪಾವಳಿಯೂ ಕಳೆಯಿತು. ತಂಬಾಕು ಬಿಟ್ಟ ಹೊಸತರಲ್ಲಿ ನನ್ನ ಗಂಡ ಕಂಡಕಂಡವರ ಮೇಲೆ ಹರಿಹಾಯ್ದರು, ಬೆಲ್ಲ ಮುಟ್ಟಬಾರದೆಂದದ್ದಕ್ಕೆ ಹೋಳಿಗೆಯ ದಿನ ಮುಖ ಊದಿಸಿಕೊಂಡು ಕೂತರು. ಈಗ ದಿನಾ ಬೆಳಿಗ್ಗೆ ಗಿರಣಿ ತೆಗೆಯುವ ಮುಂಚೆ ಇಬ್ಬರೂ ಕೆರೆಯ ತನಕ ನಡೆದು ಬರುತ್ತೇವೆ. ಸಕ್ಕರೆ ಇಳಿದಿದೆ. ಎದೆಯ ಪರೀಕ್ಷೆಯೂ ಮುಗಿದು, ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದಾರೆ. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ. ಆಗದ ದಿನ "ಇವತ್ತ ಇಲ್ಲ" ಎಂದು ನನ್ನ ಕಿವಿಯಲ್ಲೇ ಹೇಳುತ್ತಾರೆ, ಇಬ್ಬರೂ ನಕ್ಕು ಮಲಗುತ್ತೇವೆ. ಆದ ದಿನದ ಮಾತನ್ನು ನಾನು ಯಾರಿಗೂ ಹೇಳುವುದಿಲ್ಲ, ಬೇಕೆಂದೇ ನುಂಗುತ್ತೇನೆ. ಊರಿನಲ್ಲಿ ಯಾರ ಬಾಯಿಂದ ಬರುತ್ತದೋ ಬರಲಿ.